ಓದಿ ಸುಮ್ಮನಿರುವವರು

(ಆನ್‌ಲೈನ್ ಚರ್ಚಾಗುಂಪುಗಳ ಕುರಿತು ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ನುಸುಳಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶುರುವಿಗೆ ಒಂದು ಸಣ್ಣ ಕೆಲಸ ಕೊಡುತ್ತೇನೆ. ಫೋನ್ ತೆಗೆದು ನೀವು ಎಷ್ಟು ಗುಂಪುಗಳಲ್ಲಿದ್ದೀರಿ ಎಂದು ಎಣಿಸಿ. ವಾಟ್ಸ್ಆ್ಯಪ್, ಟೆಲಿಗ್ರಾಂ, ಫೇಸ್‌ಬುಕ್, ಇಮೇಲ್, ಯಾವುದಾದರೂ ಸರಿ. ಇಪ್ಪತ್ತು? ಮೂವತ್ತು? ಹಿಂದಿನ ಸಾಲಿನಲ್ಲಿ ಯಾರೋ ಅರವತ್ತೆರಡು ಅಂದರು. ಆಗಲಿ. ಈಗ ಹೇಳಿ, ಕಳೆದ ಒಂದು ತಿಂಗಳಲ್ಲಿ ಅವುಗಳ ಪೈಕಿ ಎಷ್ಟರಲ್ಲಿ ನೀವು ಒಂದು ಸಾಲಾದರೂ ಬರೆದಿದ್ದೀರಿ? ಹುಟ್ಟುಹಬ್ಬದ ಶುಭಾಶಯ, ಕೈಮುಗಿಯುವ ಚಿತ್ರ, ಇವು ಲೆಕ್ಕಕ್ಕಿಲ್ಲ.

ಅರವತ್ತೆರಡು ಅಂದವರೇ, ನಿಮ್ಮದು ಎಷ್ಟಾಯಿತು? ಮೂರು.

ಇವತ್ತು ನಾನು ಮಾತಾಡುವುದು ಉಳಿದ ಐವತ್ತೊಂಬತ್ತರ ಬಗ್ಗೆ. ನಾವು ‘ಮಾತಾಡುವವರು’, ‘ಸುಮ್ಮನಿರುವವರು’ ಎಂದು ಎರಡು ಜಾತಿಯ ಜನ ಇದ್ದಾರೇನೋ ಎಂಬಂತೆ ಹೇಳುತ್ತಿರುತ್ತೇವೆ. ಹಾಗೇನೂ ಇಲ್ಲ. ಈಗ ಅರವತ್ತೆರಡು ಗುಂಪು ಎಣಿಸಿದವರು ಮೂರು ಕಡೆ ವಾಚಾಳಿ, ಐವತ್ತೊಂಬತ್ತು ಕಡೆ ಮೌನಿ. ಮನುಷ್ಯ ಒಬ್ಬನೇ.

ಇಂಗ್ಲಿಷ್‌ನಲ್ಲಿ ಇಂಥವರನ್ನು ಲರ್ಕರ್ ಎನ್ನುತ್ತಾರೆ. ಹೊಂಚುಹಾಕಿ ಕೂತವನು ಎಂಬ ಅರ್ಥ. ಕಳ್ಳನಿಗೆ, ಪೊದೆಯ ಹಿಂದಿನ ಹುಲಿಗೆ ಒಪ್ಪುವ ಮಾತು. ನಮ್ಮಲ್ಲಿ ಎಲೆಮರೆಯ ಕಾಯಿ ಅನ್ನುತ್ತೇವೆ. ಎರಡರಲ್ಲೂ ಇರುವುದು ಮರೆಯೇ. ಆದರೆ ಒಂದು ಬೈಗುಳ, ಇನ್ನೊಂದು ಸನ್ಮಾನ ಸಮಾರಂಭದ ಮಾತು. ನನಗೆ ಎರಡೂ ಒಗ್ಗುವುದಿಲ್ಲ. ಓದಿ ಸುಮ್ಮನಿರುವವರು ಅಂದರೆ ಸಾಕು. ಅವರು ಮಾಡುವುದು ಅಷ್ಟೇ: ಓದುತ್ತಾರೆ, ಸುಮ್ಮನಿರುತ್ತಾರೆ.

ಒಂದು ಕಾಲದಲ್ಲಿ ಹಾಗೆ ಸುಮ್ಮನಿರುವುದೇ ಮರ್ಯಾದೆ ಅನ್ನಿಸಿಕೊಂಡಿತ್ತು. ವೆಬ್ ಹುಟ್ಟುವುದಕ್ಕೂ ಮೊದಲಿನ ಮಾತು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್, ಯೂಸ್‌ನೆಟ್ ಎಂಬ ವ್ಯವಸ್ಥೆಯನ್ನು ಯೋಚಿಸಿದರು. ಮುಂದಿನ ವರ್ಷ ಅದು ಬಳಕೆಗೆ ಬಂತು. ವಿಷಯಕ್ಕೊಂದು ಗುಂಪು, ಯಾರು ಬೇಕಾದರೂ ಬರೆಯಬಹುದು. ಅದರಲ್ಲಿ ಪ್ರತಿ ಸೆಪ್ಟೆಂಬರಿಗೆ ಒಂದು ಗಲಾಟೆ ಕಾದಿರುತ್ತಿತ್ತು. ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರಿಗೆ ಆಗ ಮೊದಲ ಸಲ ಖಾತೆ ಸಿಗುತ್ತಿತ್ತು. ಬಂದವರೇ, ನೂರು ಸಲ ಚರ್ಚೆಯಾದ ಪ್ರಶ್ನೆಯನ್ನು ನೂರೊಂದನೇ ಸಲ ಕೇಳುತ್ತಿದ್ದರು. ಹಳಬರು ಒಂದೆರಡು ತಿಂಗಳು ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದರು. ಅಷ್ಟರಲ್ಲಿ ಹೊಸಬರೂ ದಾರಿಗೆ ಬರುತ್ತಿದ್ದರು. ಆಮೇಲೆ ಮನೆಮನೆಗೆ ಸಂಪರ್ಕ ಕೊಡುವ ಕಂಪನಿಗಳ ಮೂಲಕ ವರ್ಷವಿಡೀ ಜನ ಬರತೊಡಗಿದಾಗ, ‘1993ರ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ’ ಎಂಬ ತಮಾಷೆಯೇ ಹುಟ್ಟಿಕೊಂಡಿತು.

ಅದಾಗಿ ಎರಡು ವರ್ಷಕ್ಕೆ, 1995ರ ಅಕ್ಟೋಬರಿನಲ್ಲಿ, ಆರ್‌ಎಫ್‌ಸಿ 1855 ಎಂಬ ದಾಖಲೆ ಹೊರಬಂತು. ಅಂತರಜಾಲದಲ್ಲಿ ನಡೆದುಕೊಳ್ಳಬೇಕಾದ ರೀತಿನೀತಿ ಅದರ ವಿಷಯ. ಗುಂಪು ಸೇರುವವರಿಗೆ ಅದರಲ್ಲಿ ಒಂದು ಸೂಚನೆಯಿದೆ: ಏನಾದರೂ ಬರೆಯುವ ಮೊದಲು ಒಂದೆರಡು ತಿಂಗಳು ಬರೀ ಓದಿ, ಗುಂಪಿನ ಸಂಸ್ಕೃತಿ ಅರ್ಥವಾಗುತ್ತದೆ. ಒಂದೆರಡು ದಿನ ಅಲ್ಲ, ಒಂದೆರಡು ತಿಂಗಳು! ಇವತ್ತು ಯಾವ ಆ್ಯಪ್ ಹೀಗೆ ಹೇಳೀತು? ಸೇರಿದ ಮರುಕ್ಷಣವೇ ‘ನಿಮ್ಮ ಪರಿಚಯ ಮಾಡಿಕೊಳ್ಳಿ’ ಎಂದು ಬೆನ್ನಿಗೆ ಬೀಳುತ್ತದೆ. ನಾವು ಬರೆದರೆ ಇನ್ನೊಬ್ಬರ ಫೋನ್ ಗುಂಯ್‌ಗುಡುತ್ತದೆ, ಅವರು ಬಂದು ನೋಡುತ್ತಾರೆ, ನೋಡಿದರೆ ಜಾಹೀರಾತು ಓಡುತ್ತದೆ. ಮೌನದಿಂದ ಅವರಿಗೇನು ಲಾಭ? ಸುಮ್ಮನಿರುವವರನ್ನು ಮಾತಾಡಿಸಬೇಕು ಎಂಬ ಈ ಕಾಲದ ಚಡಪಡಿಕೆಯಲ್ಲಿ ಅರ್ಧ ಅಂಗಡಿಯವರದು. ಅದನ್ನು ನಮ್ಮ ಚಿಂತೆ ಅಂದುಕೊಂಡು ಹೊತ್ತುಕೊಂಡಿದ್ದೇವೆ.

ಸರಿ, ಸುಮ್ಮನಿರುವವರು ಎಷ್ಟು ಜನ? ಎಲ್ಲರ ಬಾಯಲ್ಲೂ ಇರುವ ಲೆಕ್ಕ 90-9-1. ಯೇಕಬ್ ನೀಲ್ಸನ್ 2006ರಲ್ಲಿ ಜನಪ್ರಿಯಗೊಳಿಸಿದ ಸೂತ್ರ ಇದು. ನೂರರಲ್ಲಿ ತೊಂಬತ್ತು ಜನ ಓದುತ್ತಾರೆ, ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಒಬ್ಬರು ಬರೆದದ್ದೇ ಗುಂಪಿನ ಬಹುಪಾಲು. ನೆನಪಿಡಲು ಸುಲಭವಾದ್ದರಿಂದ ಇದು ಎಲ್ಲರಿಗೂ ನೆನಪಿದೆ, ಅಷ್ಟೇ. ಒಂದು ಒರಟು ಅಂದಾಜನ್ನು ನ್ಯೂಟನ್ನನ ನಿಯಮದ ಹಾಗೆ ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ.

ನನಗೆ ಹೆಚ್ಚು ಹಿಡಿಸಿದ್ದು ಅದಕ್ಕೂ ಮೊದಲು, 2000ದಲ್ಲಿ, ಬ್ಲೇರ್ ನೊನೆಕಿ ಮತ್ತು ಜೆನ್ನಿ ಪ್ರೀಸ್ ಮಾಡಿದ ಎಣಿಕೆ. ಅವರು ಇಮೇಲ್ ಗುಂಪುಗಳನ್ನು ಹನ್ನೆರಡು ವಾರ ಗಮನಿಸಿದರು. ಆರೋಗ್ಯದ ವಿಷಯದಲ್ಲಿ ಒಬ್ಬರಿಗೊಬ್ಬರು ಆಸರೆಯಾಗುವ ಗುಂಪುಗಳು ಒಂದು ಕಡೆ, ಸಾಫ್ಟ್‌ವೇರ್ ತೊಂದರೆ ಬಗೆಹರಿಸುವ ಗುಂಪುಗಳು ಇನ್ನೊಂದು ಕಡೆ. ಒಂದೂ ಸಂದೇಶ ಬರೆಯದವರು ಆರೋಗ್ಯದ ಗುಂಪುಗಳಲ್ಲಿ ಸರಾಸರಿ ಶೇ. 46, ಸಾಫ್ಟ್‌ವೇರ್ ಗುಂಪುಗಳಲ್ಲಿ ಶೇ. 82. ಬಿಡಿಬಿಡಿಯಾಗಿ ನೋಡಿದರೆ ಸೊನ್ನೆಯಿಂದ ಶೇ. 99ರ ತನಕ. ಇದರಲ್ಲಿ ತೊಂಬತ್ತು ಎಲ್ಲಿ ಬಂತು? ಮೌನ ಮನುಷ್ಯನ ಸ್ವಭಾವವೇ ಆಗಿದ್ದರೆ ಎಲ್ಲ ಕಡೆ ಒಂದೇ ಥರ ಇರಬೇಕಿತ್ತಲ್ಲ.

ಯಾಕೆ ಈ ವ್ಯತ್ಯಾಸ? ನನ್ನ ಅನುಭವದಿಂದ ಹೇಳುತ್ತೇನೆ. ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎಂದು ನಾನು ಒಂದು ಗುಂಪಿಗೆ ಹೋದರೆ, ನನಗಿಂತ ಮೊದಲೇ ಯಾರೋ ಅದನ್ನು ಕೇಳಿರುತ್ತಾರೆ, ಯಾರೋ ಉತ್ತರಿಸಿರುತ್ತಾರೆ. ಅವರ ಪ್ರಿಂಟರಿಗೂ ನನ್ನ ಪ್ರಿಂಟರಿಗೂ ಭೇದವಿಲ್ಲ. ಓದಿದೆ, ಮಾಡಿದೆ, ಮುಗಿಯಿತು. ಅದೇ ಮನೆಯಲ್ಲಿ ಯಾರಿಗೋ ದೊಡ್ಡ ಕಾಯಿಲೆ ಬಂದಾಗ ಹಾಗಲ್ಲ. ಅಪ್ಪನಿಗೆ ಹುಷಾರಿಲ್ಲದ ವರ್ಷ ನಾನು ಅಂಥ ಒಂದು ಗುಂಪಿನಲ್ಲಿದ್ದೆ. ರಾತ್ರಿ ಹನ್ನೊಂದರ ಮೇಲೆ, ಅವರು ಮಲಗಿದ ನಂತರ, ಫೋನಿನ ಬೆಳಕನ್ನು ಪೂರ್ತಿ ಕಡಿಮೆ ಮಾಡಿಕೊಂಡು ಓದುತ್ತಿದ್ದೆ. ಎಂಟು ತಿಂಗಳು. ಬರೆದದ್ದು ಒಂದೇ ಸಲ, ಎರಡು ಸಾಲು. ಒಂದು ಗಂಟೆಯೊಳಗೆ ಹನ್ನೊಂದು ಉತ್ತರ ಬಂದವು. ಅವುಗಳಲ್ಲಿ ಹೊಸ ಮಾಹಿತಿ ಏನೂ ಇರಲಿಲ್ಲ. ಅಲ್ಲಿ ಜನ ಬರೆಯುವುದು ಮಾಹಿತಿಗಲ್ಲ, ಅದಕ್ಕೇ ಅಲ್ಲಿ ಹೆಚ್ಚು ಜನ ಬರೆಯುತ್ತಾರೆ.

ಆ ಎಣಿಕೆ ಮಾಡಿದ ನೊನೆಕಿ ಮತ್ತು ಪ್ರೀಸ್ ಅವರೇ, ಇನ್ನೊಬ್ಬ ಸಂಶೋಧಕರ ಜೊತೆ ಸೇರಿ, ‘ನೀವ್ಯಾಕೆ ಬರೆಯುವುದಿಲ್ಲ’ ಎಂದು ನೇರವಾಗಿ ಕೇಳಿದ್ದೂ ಇದೆ. 2004ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಜನ ಕೊಟ್ಟ ಕಾರಣ: ಓದುವುದೇ ಸಾಕು, ಬರೆಯುವ ಅಗತ್ಯ ಬೀಳಲಿಲ್ಲ. ಗುಂಪನ್ನು ಇನ್ನೂ ಅರ್ಥ ಮಾಡಿಕೊಳ್ಳುತ್ತಿದ್ದೇನೆ ಎಂದವರಿದ್ದರು. ಬರೆಯುವುದು ಹೇಗೆಂದು ತಿಳಿಯಲಿಲ್ಲ ಎಂದವರು, ಗುಂಪೇ ಹಿಡಿಸಲಿಲ್ಲ ಎಂದವರು ಇದ್ದರು. ಜೊತೆಗೆ ಇನ್ನೊಂದು ಕಾರಣ, ನನಗೆ ಬಹಳ ಇಷ್ಟವಾದದ್ದು: ಬರೆಯದಿರುವುದೇ ನಾನು ಗುಂಪಿಗೆ ಮಾಡುವ ಉಪಕಾರ. ನಗಬೇಡಿ. ‘ನನಗೂ ಅದೇ ಸಮಸ್ಯೆ’, ‘ನನಗೂ’, ‘ನಂದೂ ಸೇರಿಸಿ’ ಎಂದು ನಲವತ್ತು ಸಂದೇಶ ಬಂದು, ಅವುಗಳ ಅಡಿಯಲ್ಲಿ ಉತ್ತರ ಹೂತುಹೋದದ್ದನ್ನು ಕಂಡವರಿಗೆ ಈ ಉಪಕಾರದ ಬೆಲೆ ಗೊತ್ತು.

ದೂರುವವರ ವಾದವೂ ಗೊತ್ತಿದೆ. ಕೆರೆಯ ನೀರನ್ನು ಕೆರೆಗೆ ಚೆಲ್ಲುವವರು ನಾವು, ಕೊಡ ತುಂಬಿಕೊಂಡು ಹೋಗುವವರು ಅವರು. ರಾಜ ಹಾಲು ತಂದು ಸುರಿಯಿರಿ ಅಂದಾಗ, ಬೇರೆಯವರು ಹೇಗೂ ಹಾಲು ತರುತ್ತಾರೆ, ನಾನು ನೀರು ಸುರಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಎಲ್ಲರೂ ನೀರೇ ಸುರಿದ ಕತೆ ನೆನಪಾಗುತ್ತದೆ. ಅರ್ಥಶಾಸ್ತ್ರಜ್ಞ ಮನ್ಸರ್ ಓಲ್ಸನ್ 1965ರಲ್ಲಿ ಈ ಸಂಗತಿಯ ಮೇಲೆ ಒಂದು ಇಡೀ ಪುಸ್ತಕ ಬರೆದರು. ಆದರೆ ಚರ್ಚಾಗುಂಪಿಗೆ ಈ ಕತೆ ಹೊಂದುವುದಿಲ್ಲ. ಸಾವಿರ ಜನ ಓದಿದರೂ ಉತ್ತರ ಒಂದಕ್ಷರ ಸವೆಯುವುದಿಲ್ಲ. ಹಾಗೆ ನೋಡಿದರೆ ಸಾವಿರ ಜನರ ಗುಂಪಿನಲ್ಲಿ ಸಾವಿರ ಜನರೂ ಬರೆದರೆ ಅದು ಚರ್ಚೆಯಾಗುವುದಿಲ್ಲ, ಸಂತೆಯಾಗುತ್ತದೆ. ವಾಟ್ಸ್ಆ್ಯಪ್ ಗುಂಪಿನ ಮಿತಿ 2016ರಲ್ಲಿ 256 ಆಯಿತು, 2022ರ ಕೊನೆಗೆ 1024ಕ್ಕೆ ಏರಿತು. ಆ ಸಾವಿರದ ಇಪ್ಪತ್ನಾಲ್ಕು ಜನರೂ ದಿನಕ್ಕೆ ಎರಡೇ ಸಂದೇಶ ಹಾಕಿದರೂ, ಎಚ್ಚರವಿರುವ ಹೊತ್ತಿನಲ್ಲಿ ನಿಮಿಷಕ್ಕೆ ಎರಡು ಬರುತ್ತವೆ. ಗುಂಪು ಬದುಕಿರುವುದೇ ಮುಕ್ಕಾಲು ಪಾಲು ಜನ ಬಾಯಿಮುಚ್ಚಿಕೊಂಡಿರುವುದರಿಂದ.

ಈಗ ನನ್ನ ತಪ್ಪಿನ ಕತೆಗೆ ಬರುತ್ತೇನೆ.

ಕಂಪ್ಯೂಟರ್ ತೊಂದರೆಗಳ ಬಗ್ಗೆ ಒಬ್ಬರಿಗೊಬ್ಬರು ಸಹಾಯ ಮಾಡುವ ಒಂದು ಗುಂಪಿಗೆ ನಾನು ಅಡ್ಮಿನ್. ಕೆಲವು ವರ್ಷಗಳ ಹಿಂದೆ ಗುಂಪು ತುಂಬಿತ್ತು, ಹೊಸಬರು ಸೇರಲು ಕಾಯುತ್ತಿದ್ದರು. ಒಂದು ಭಾನುವಾರ ಕೂತು, ಎರಡು ವರ್ಷದಿಂದ ಒಂದೂ ಸಾಲು ಬರೆಯದವರನ್ನೆಲ್ಲ ತೆಗೆದುಹಾಕಿದೆ. ಎಪ್ಪತ್ತು ಎಪ್ಪತ್ತೈದು ಜನ. ಹೆಸರಿನ ಮೇಲೆ ಬೆರಳಿಟ್ಟು ಒತ್ತುವುದು, ‘ತೆಗೆಯಿರಿ’ ಅನ್ನುವುದು, ಮುಂದಿನ ಹೆಸರು. ಸತ್ಯ ಹೇಳಬೇಕೆಂದರೆ, ಖುಷಿಯಾಗುತ್ತಿತ್ತು. ಕಪಾಟು ಚೊಕ್ಕಟ ಮಾಡಿದ ಹಾಗೆ.

ಸಂಜೆ ಅವರಲ್ಲೊಬ್ಬರು ಖಾಸಗಿಯಾಗಿ ಬರೆದರು. ಜಗಳ ಇಲ್ಲ, ಬೇಸರದ ಮಾತೂ ಇಲ್ಲ. ‘ನಮಸ್ಕಾರ ಸರ್, ಹೊಸಬರಿಗೆ ಜಾಗ ಬೇಕಿತ್ತು ಅಂತ ಗೊತ್ತಾಯ್ತು. ಹೋಗುವ ಮೊದಲು ಹೇಳಬೇಕಿದ್ದ ಕೆಲವು ವಿಷಯ ಉಳಿದುಬಿಟ್ಟಿದೆ’ ಎಂದು ಏಳು ಅಂಶಗಳ ಪಟ್ಟಿ ಕಳುಹಿಸಿದ್ದರು. ಯಾವುದೋ ಕಚೇರಿಯಲ್ಲಿ ಮೂವತ್ತು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವರದು. ನಮ್ಮ ಗುಂಪಿನಲ್ಲಿ ಬಂದ ಪ್ರತಿ ಪರಿಹಾರವನ್ನೂ ಅಲ್ಲಿ ಮಾಡಿ ನೋಡಿದ್ದರು. ಆ ಏಳು ಪರಿಹಾರಗಳು ಕೆಲಸ ಮಾಡಿರಲಿಲ್ಲ. ಒಂದು ಹಳೆಯ ಆವೃತ್ತಿಗೆ ಮಾತ್ರ ಸರಿ, ಇನ್ನೊಂದರಲ್ಲಿ ನಡುವಿನ ಒಂದು ಹೆಜ್ಜೆ ಬಿಟ್ಟುಹೋಗಿದೆ, ಮತ್ತೊಂದು ಮಾಡಿದರೆ ಕನ್ನಡ ಅಕ್ಷರಗಳೆಲ್ಲ ಚೌಕಗಳಾಗುತ್ತವೆ. ದಿನಾಂಕದ ಸಮೇತ ಬರೆದಿದ್ದರು. ಏಳರಲ್ಲಿ ಮೂರು ನಾನೇ ಕೊಟ್ಟ ಉತ್ತರ.

ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಕೇಳಿದೆ. ‘ನೀವೆಲ್ಲ ಅಷ್ಟು ಗಟ್ಟಿಯಾಗಿ ಹೇಳ್ತಿದ್ರಿ ಸರ್. ನಂದೇ ಏನೋ ತಪ್ಪಿರಬೇಕು ಅಂದ್ಕೊಂಡೆ.’

ಈ ಒಂದು ಮಾತಿನಿಂದ ನನ್ನ ತಲೆಯಲ್ಲಿದ್ದ ಗುಂಪಿನ ಚಿತ್ರವೇ ತಿರುಗಿ ಕೂತಿತು. ಗುಂಪಿನಲ್ಲಿ ಉತ್ತರ ಕೊಡುವವರು ನಾವು ಆರೇಳು ಜನ. ಕೊಟ್ಟ ಉತ್ತರಕ್ಕೆ ಇನ್ನೊಬ್ಬರು ಹೆಬ್ಬೆರಳು ಎತ್ತಿದರೆ ಮುಗಿಯಿತು, ಅದು ಸರಿಯಾದ ಉತ್ತರ. ಹೆಬ್ಬೆರಳು ಎತ್ತಿದವರು ಅದನ್ನು ಮಾಡಿ ನೋಡಿರುತ್ತಿರಲಿಲ್ಲ. ಮಾಡಿ ನೋಡಿದವರು ಹೆಬ್ಬೆರಳು ಎತ್ತುತ್ತಿರಲಿಲ್ಲ. ಜ್ಞಾನ ಆ ಕಡೆ ಇತ್ತು, ಸದ್ದು ಈ ಕಡೆ. ನಾನು ಕಪಾಟಿನಿಂದ ತೆಗೆದು ಬಿಸಾಡಿದ್ದು ಕಸ ಅಲ್ಲ, ತಕ್ಕಡಿ.

ಹೀಗೆ ಎಣಿಕೆಯಲ್ಲಿ ಏಮಾರುವುದು ನಾನೊಬ್ಬನೇ ಅಲ್ಲ ಎಂದು ಆಮೇಲೆ ತಿಳಿದು ಸಮಾಧಾನವಾಯಿತು. ವಿಕಿಪೀಡಿಯ ಬರೆಯುವವರು ಯಾರು? ಅರ್ಧಕ್ಕಿಂತ ಹೆಚ್ಚು ತಿದ್ದುಪಡಿಗಳನ್ನು ಮಾಡುವುದು ಶೇ. 0.7ರಷ್ಟು ಬಳಕೆದಾರರು, 524 ಜನ, ಎಂದು ಅದರ ಸ್ಥಾಪಕರಲ್ಲೊಬ್ಬರಾದ ಜಿಮ್ಮಿ ವೇಲ್ಸ್ ಹೇಳುತ್ತಿದ್ದರು. 2006ರಲ್ಲಿ ಏರನ್ ಸ್ವಾರ್ಟ್ಜ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ಬೇರೆ ಥರ ಎಣಿಸಿದ. ಎಷ್ಟು ಸಲ ತಿದ್ದಿದರು ಎಂದಲ್ಲ, ಲೇಖನದಲ್ಲಿ ಉಳಿದ ಅಕ್ಷರಗಳಲ್ಲಿ ಯಾರದು ಎಷ್ಟು ಎಂದು. ತಾನು ನೋಡಿದ ಲೇಖನಗಳಲ್ಲಿ ಅವನಿಗೆ ಕಂಡದ್ದು ಉಲ್ಟಾ. ಆ ಕೆಲವರು ಮಾಡುತ್ತಿದ್ದದ್ದು ಅಲ್ಪವಿರಾಮ ಸರಿಪಡಿಸುವುದು, ವರ್ಗ ಸೇರಿಸುವುದು. ಹೂರಣ ತುಂಬಿದವರು ಯಾರೋ ಎಲ್ಲಿಂದಲೋ ಬಂದು, ತಮಗೆ ಗೊತ್ತಿದ್ದ ಒಂದು ವಿಷಯವನ್ನು ಉದ್ದಕ್ಕೆ ಬರೆದು ಹೋದವರು. ಅವರಲ್ಲಿ ಎಷ್ಟೋ ಜನ ಖಾತೆಯನ್ನೇ ತೆರೆದಿರಲಿಲ್ಲ. ಅಂದರೆ ವರ್ಷಗಟ್ಟಲೆ ಓದುಗರಾಗಿದ್ದು, ಒಂದು ದಿನ ಮಾತ್ರ ಬರಹಗಾರರಾದವರು.

ಮೌನವಾಗಿ ಇರುವುದೂ ಕಲಿಕೆಯೇ ಎಂಬುದನ್ನು ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಚೆನ್ನಾಗಿ ವಿವರಿಸಿದರು. ಆನ್‌ಲೈನ್ ಗುಂಪುಗಳ ಬಗ್ಗೆ ಅಲ್ಲ, ಕುಶಲಕರ್ಮಿಗಳ ಬಗ್ಗೆ. ಲೈಬೀರಿಯಾದ ದರ್ಜಿಗಳ ಹತ್ತಿರ ಕೆಲಸ ಕಲಿಯಲು ಬಂದ ಹುಡುಗ ಬಟ್ಟೆ ಕತ್ತರಿಸುವುದರಿಂದ ಶುರು ಮಾಡುವುದಿಲ್ಲ. ಮೊದಲು ಕೊನೆಯ ಕೆಲಸ: ಗುಂಡಿ ಹಚ್ಚುವುದು, ಅಂಚು ಮಡಚುವುದು. ಆಮೇಲೆ ಹೊಲಿಗೆ. ಕತ್ತರಿ ಕೈಗೆ ಬರುವುದು ಕಟ್ಟಕಡೆಗೆ. ಯಾಕೆಂದರೆ ಗುಂಡಿ ತಪ್ಪಿದರೆ ಬಿಚ್ಚಿ ಹಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆ ಹಾಳು. ಇದನ್ನು ಓದಿದಾಗ ನನಗೆ ಹೊಳೆದದ್ದು, ನಮ್ಮ ಗುಂಪುಗಳಲ್ಲಿ ಗುಂಡಿ ಹಚ್ಚುವ ಕೆಲಸವೇ ಇಲ್ಲ. ಒಂದೋ ಸುಮ್ಮನೆ ಕೂತು ನೋಡು, ಇಲ್ಲವೇ ಎಲ್ಲರೆದುರು ಕತ್ತರಿ ಹಿಡಿ. ನಡುವೆ ಏನೂ ಇಲ್ಲ.

ಆ ಭಾನುವಾರದ ನಂತರ ನಾವು ಮಾಡಿದ್ದು ಬಹಳ ಸಣ್ಣ ಬದಲಾವಣೆ. ‘ಮಾಡಿ ನೋಡಿದೆ’ ಎಂಬ ಒಂದು ಪ್ರತ್ಯೇಕ ಜಾಗ ತೆರೆದೆವು. ಅಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ, ಉತ್ತರ ಕೊಡುವ ಹಾಗಿಲ್ಲ, ಧನ್ಯವಾದ ಬೇಡ. ಯಾವ ಪರಿಹಾರ, ಯಾವ ಆವೃತ್ತಿ, ಆಯಿತು ಅಥವಾ ಆಗಲಿಲ್ಲ. ಒಂದು ಸಾಲು. ಮೊದಲ ಎರಡು ವಾರ ಯಾರೂ ಬರೆಯಲಿಲ್ಲ, ನನಗೆ ಮುಖಭಂಗವಾಯಿತು. ಮೂರನೇ ವಾರ ನಾನು ಹೆಸರೇ ಕೇಳಿರದ ಒಬ್ಬರು ‘ಆಗಲಿಲ್ಲ’ ಎಂದು ಬರೆದರು. ಅದರ ಹಿಂದೆಯೇ ಇನ್ನೂ ಮೂವರು ‘ನನಗೂ ಆಗಲಿಲ್ಲ’. ಆ ಉತ್ತರ ಕೊಟ್ಟವರು ಎರಡು ದಿನ ಮುಖ ಊದಿಸಿಕೊಂಡಿದ್ದರು, ನಂತರ ತಿದ್ದಿದರು.

ಮೌನ ನಿಜವಾಗಿ ಕೆಡುಕು ಮಾಡುವ ಒಂದು ಸಂದರ್ಭವಿದೆ. ಅದನ್ನು ಹೇಳದಿದ್ದರೆ ನಾನು ಮೌನಿಗಳ ವಕೀಲಿಕೆ ಮಾಡಿದಂತಾಗುತ್ತದೆ. ಗುಂಪು ಒಂದು ತೀರ್ಮಾನ ತೆಗೆದುಕೊಳ್ಳುವಾಗ ನಮ್ಮ ಹಳೆಯ ಮಾತು ಮುಂದೆ ಬರುತ್ತದೆ: ಮೌನಂ ಸಮ್ಮತಿ ಲಕ್ಷಣಂ. ‘ಎಲ್ಲರೂ ಓದಿದ್ದಾರೆ, ಯಾರೂ ಬೇಡ ಅನ್ನಲಿಲ್ಲ’ ಎಂದು ನಾಲ್ಕು ಜನ ಸೇರಿ ಇನ್ನೂರು ಜನರ ಪರವಾಗಿ ನಿರ್ಧಾರ ಮಾಡಿಬಿಡುತ್ತಾರೆ. ಜರ್ಮನಿಯ ಎಲಿಜಬೆತ್ ನೋಯೆಲ್-ನಾಯ್ಮನ್ 1974ರಲ್ಲಿ ಇದಕ್ಕೊಂದು ಹೆಸರಿಟ್ಟರು, ಮೌನದ ಸುರುಳಿ. ನನ್ನ ಅಭಿಪ್ರಾಯದವರು ಕಡಿಮೆ ಇದ್ದಾರೆ ಅನ್ನಿಸಿದಾಗ ನಾನು ಬಾಯಿ ಮುಚ್ಚುತ್ತೇನೆ. ನಾನು ಮುಚ್ಚಿದ್ದರಿಂದ ಅಂಥವರು ಇನ್ನೂ ಕಡಿಮೆ ಕಾಣುತ್ತಾರೆ. ಅದನ್ನು ನೋಡಿ ಇನ್ನೊಬ್ಬರು ಮುಚ್ಚುತ್ತಾರೆ.

ಇದಕ್ಕೆ ತಂತ್ರಜ್ಞಾನವೂ ತನ್ನ ಕೈ ಸೇರಿಸಿದೆ. 2014ರ ನವೆಂಬರಿನಲ್ಲಿ ವಾಟ್ಸ್ಆ್ಯಪಿಗೆ ನೀಲಿ ಗೀಟು ಬಂತು. ಓದಿದ್ದು ತಿಳಿಯದಿರಲಿ ಎಂದು ಅದನ್ನು ಆಫ್ ಮಾಡಿಕೊಂಡವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಆದರೆ ಅದು ಒಬ್ಬರಿಗೊಬ್ಬರು ಬರೆಯುವಾಗ ಮಾತ್ರ ನಡೆಯುತ್ತದೆ. ಗುಂಪಿನಲ್ಲಿ ಬರೆದವರು ತಮ್ಮ ಸಂದೇಶದ ಮಾಹಿತಿ ತೆರೆದರೆ ಯಾರು ಎಷ್ಟು ಹೊತ್ತಿಗೆ ಓದಿದರು ಎಂಬುದು ಸಾಲಾಗಿ ಕಾಣುತ್ತದೆ. ಮೊದಲಾದರೆ ‘ನೋಡಿರಲಿಲ್ಲ’ ಎಂಬ ಒಂದು ಮಾನವಾದ ಸುಳ್ಳು ಇತ್ತು. ಅದೂ ಹೋಯಿತು. ಈಗ ನಿಮ್ಮ ಮೌನಕ್ಕೆ ಸಮಯದ ಮುದ್ರೆ ಬಿದ್ದಿರುತ್ತದೆ, ಅದನ್ನು ಸಮ್ಮತಿ ಎಂದು ಓದಿಕೊಳ್ಳುವುದು ಇನ್ನೂ ಸುಲಭ. ಅದಕ್ಕೇ ನಾನು ಅಡ್ಮಿನ್‌ಗಳಿಗೆ ಕೇಳಿಕೊಳ್ಳುವುದು, ತೀರ್ಮಾನದ ವಿಷಯಕ್ಕೆ ಹೌದು ಅಲ್ಲ ಎರಡನ್ನೂ ಇಟ್ಟು ಮತ ಕೇಳಿ. ಬಾರದ ಮತವನ್ನು ಬಾರದ ಮತ ಎಂದೇ ಎಣಿಸಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ, ಏನಾದರೂ ಕೇಳುವುದಿದ್ದರೆ ಕೇಳಿ.

(ಒಂದು ನಿಮಿಷ ಯಾರೂ ಕೇಳಲಿಲ್ಲ. ಸಭೆ ನಕ್ಕಿತು. ಆಮೇಲೆ ಬಂದ ಪ್ರಶ್ನೆಗಳು:)

ಹೆಬ್ಬೆರಳು ಎತ್ತುವುದು ಮಾತಾಡಿದ ಲೆಕ್ಕವೋ, ಸುಮ್ಮನಿದ್ದ ಲೆಕ್ಕವೋ?

ತಲೆಯಾಡಿಸಿದ ಲೆಕ್ಕ. ಎದುರಿಗೆ ಕೂತಾಗ ನಾವು ತಲೆಯಾಡಿಸುತ್ತೇವೆ, ಹುಬ್ಬು ಗಂಟಿಕ್ಕುತ್ತೇವೆ, ಆಕಳಿಸುತ್ತೇವೆ. ಈಗ ನೀವು ಮಾಡುತ್ತಿದ್ದೀರಲ್ಲ, ಹಾಗೆ. ಅದನ್ನು ನೋಡಿಕೊಂಡೇ ನಾನು ನಡುವೆ ಎರಡು ಪುಟ ಹಾರಿಸಿದೆ. ತೆರೆಯ ಮೇಲೆ ಆಕಳಿಕೆಗೆ ಗುಂಡಿಯಿಲ್ಲ, ಅದೊಂದು ದೊಡ್ಡ ಕೊರತೆ.

ಬರೆಯಲು ಆಸೆ, ಆದರೆ ತಪ್ಪಾದರೆ ನಗುತ್ತಾರೆ ಎಂಬ ಭಯ. ಏನು ಮಾಡುವುದು?

ನಗುವವರು ಇದ್ದಾರೆ, ಇಲ್ಲ ಎಂದು ಸುಳ್ಳು ಹೇಳಲಾರೆ. ಅಂಥ ಗುಂಪಿನಲ್ಲಿ ಓದಿಕೊಂಡಿರಿ, ಬೇಕಾದ್ದನ್ನು ತೆಗೆದುಕೊಳ್ಳಿ. ಬರೆಯುವುದನ್ನು ಬೇರೆ ಕಡೆ ಬರೆಯಿರಿ. ಇಲ್ಲವಾದರೆ ಉತ್ತರ ಕೊಟ್ಟವರಿಗೇ ಖಾಸಗಿಯಾಗಿ ಒಂದು ಸಾಲು ಕಳುಹಿಸಿ, ನೀವು ಹೇಳಿದ್ದು ಮಾಡಿದೆ, ಹೀಗಾಯಿತು ಎಂದು. ಉತ್ತರ ಕೊಡುವವರಿಗೆ ಅಂಥ ಪತ್ರ ವರ್ಷಕ್ಕೆ ಎರಡು ಬಂದರೆ ಹೆಚ್ಚು.

ಆ ಏಳು ತಪ್ಪು ತೋರಿಸಿದವರು ಈಗ ಗುಂಪಿನಲ್ಲಿ ಬರೆಯುತ್ತಾರಾ?

ಮರುದಿನವೇ ಕ್ಷಮೆ ಕೇಳಿ ಮತ್ತೆ ಸೇರಿಸಿಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ಎರಡು ಸಲ ಬರೆದಿದ್ದಾರೆ. ಎರಡೂ ಸಲ ನನ್ನ ಉತ್ತರದ ಕೆಳಗೆ, ಎರಡೂ ಸಲ ಒಂದೇ ಪದ: ‘ಆಗಲಿಲ್ಲ.’